ಅಡುಗೆಮನೆ ಗೋಡೆ ಮೇಲೆ ಕರೆಂಟ್ ಲೆಕ್ಕ: ಪುಟ್ಟ ಸ್ಕ್ರೀನ್ ಮಾಡಿದ ನನ್ನ ಅನುಭವ

ನಮ್ಮನೆಗೆ ಗೃಹಜ್ಯೋತಿಲಿ ಸಿಗೋದು ತಿಂಗಳಿಗೆ 140 ಯೂನಿಟ್, 2022-23ರ ನಮ್ಮ ಸರಾಸರಿ 128ರ ಹತ್ರ ಇತ್ತು, ಅದಕ್ಕೆ ಶೇಕಡ 10 ಸೇರ್ಸಿ ಬಂದಿದ್ದು. ಅದರ ಮೇಲೆ ಉರಿಸಿದಷ್ಟಕ್ಕೆ ನಾವು ಕಟ್ಬೇಕು, 200 ದಾಟಿದ್ರಂತೂ ಪೂರ್ತಿ ಬಿಲ್ಲೇ ನಮ್ದು. ಆದ್ರೆ ಎಷ್ಟಾಯ್ತು ಅಂತ ಗೊತ್ತಾಗೋದು ಮೀಟರ್ ರೀಡರ್ ಬಂದು ಚೀಟಿ ಕೊಟ್ಮೇಲೆ, ಅಷ್ಟೊತ್ತಿಗೆ ತಿಂಗಳೇ ಮುಗ್ದಿರತ್ತೆ. ಅಮ್ಮ "ಈ ಸಲ ಎಷ್ಟಾಗಿದ್ಯೋ ನೋಡೋ" ಅಂದಾಗೆಲ್ಲ ನಾನು ಟಾರ್ಚ್ ಹಿಡ್ಕೊಂಡು ಮೀಟರ್ ಹತ್ರ ಹೋಗಿ, ಹಳೇ ಬಿಲ್ಲಿನ ರೀಡಿಂಗ್ ಕಳ್ದು ಹೇಳ್ತಿದ್ದೆ. ಆ ನಂಬರ್ ಅಮ್ಮಂಗೆ ನಿಂತ ಜಾಗದಲ್ಲೇ ಕಾಣ್ಬೇಕು ಅಂತ ಶುರು ಮಾಡಿದ್ದು ಇದು.

ಸಾಮಾನು ಜಾಸ್ತಿ ಏನಿಲ್ಲ. ಮನೇಲಿದ್ದ ರಾಸ್ಪ್‌ಬೆರಿ ಪೈ ಝೀರೋ 2 ಅನ್ನೋ ಪುಟ್ಟ ಕಂಪ್ಯೂಟರ್ ಬೋರ್ಡ್, 0.96 ಇಂಚಿನ ಓಎಲ್‌ಇಡಿ ಸ್ಕ್ರೀನ್ (ಪ್ರತಿ ಚುಕ್ಕಿ ತಾನೇ ಬೆಳಗೋ ಥರದ್ದು, 128×64 ಚುಕ್ಕಿ), ವೋಲ್ಟೇಜ್, ವ್ಯಾಟ್, ಯೂನಿಟ್ ಅಳೆಯೋ ಪಿಝೆಡ್‌ಇಎಂ-004ಟಿ ಅನ್ನೋ ಮೀಟರ್ ಮಾಡ್ಯೂಲ್, ಅದರ ಜೊತೆ ವೈರ್ ಸುತ್ತ ಕಚ್ಚಿಸಿ ಕರೆಂಟ್ ಅಳೆಯೋ ಸಿಟಿ ಕಾಯಿಲ್. ಮಾಡ್ಯೂಲ್ 5 ವೋಲ್ಟ್‌ದು, ಪೈ ಪಿನ್ನು 3.3 ವೋಲ್ಟ್‌ದು, ಹಾಗಾಗಿ ಪಿನ್ನಿಗೆ ನೇರ ಕೊಡದೆ ಮಧ್ಯೆ ಒಂದು ಯುಎಸ್‌ಬಿ ಸೀರಿಯಲ್ ಅಡಾಪ್ಟರ್ ಹಾಕ್ದೆ, ಮಾಡ್ಯೂಲ್ ಕಳ್ಸೋ ಲೆಕ್ಕ ಯುಎಸ್‌ಬಿ ಮೂಲಕ ಪೈಗೆ ಬರತ್ತೆ. ಮೇನ್ ಬಾಕ್ಸ್ ಒಳಗಿನ ಕೆಲಸ ಮಾತ್ರ ನಾನು ಮುಟ್ಲಿಲ್ಲ, ನಮ್ಮ ಎಲೆಕ್ಟ್ರಿಷಿಯನ್ ಕರೆಸಿ ಮೇನ್ ಆಫ್ ಮಾಡ್ಸಿ ಹಾಕಿಸ್ದೆ, ನೀವೂ ದಯವಿಟ್ಟು ಹಾಗೇ ಮಾಡಿ.

ಮೊದಲ್ನೇ ದಿನ ವೋಲ್ಟೇಜ್ 231 ಅಂತ ಸರಿಯಾಗಿ ಬಂತು, ಆದ್ರೆ ವ್ಯಾಟ್ ಸೊನ್ನೆ. ಫ್ರಿಜ್ ಓಡ್ತಿದೆ, ಫ್ಯಾನ್ ಓಡ್ತಿದೆ, ಆದ್ರೂ ಸೊನ್ನೆ. ಬಾಕ್ಸ್ ತೆಗೆಸಿ ನೋಡಿದ್ರೆ ಕಾಯಿಲ್ ಒಳಗೆ ಫೇಸು ನ್ಯೂಟ್ರಲ್ಲು ಎರಡೂ ಹಾದು ಹೋಗಿತ್ತು, ಒಂದ್ರಲ್ಲಿ ಹೋದ ಕರೆಂಟ್ ಇನ್ನೊಂದ್ರಲ್ಲಿ ವಾಪಸ್ ಬರೋದ್ರಿಂದ ಎರಡೂ ವಜಾ ಆಗಿ ಏನೂ ಉಳಿಯಲ್ಲ. ಫೇಸ್ ಒಂದನ್ನೇ ಕಾಯಿಲ್ ಒಳಗೆ ಹಾಯಿಸಿದ ತಕ್ಷಣ 214 ವ್ಯಾಟ್.

ಈ ನಂಬರ್ ನಂಬೋದು ಹೇಗೆ? ಅದಕ್ಕೆ ಮನೆ ಮೀಟರಲ್ಲೇ ದಾರಿ ಇದೆ. ನಮ್ಮ ಮೀಟರ್ ಮೇಲೆ 3200 ಇಂಪಲ್ಸ್ ಅಂತ ಬರ್ದಿದೆ, ಅಂದ್ರೆ ಕೆಂಪು ಲೈಟ್ 3200 ಸಲ ಮಿನುಗಿದ್ರೆ ಒಂದು ಯೂನಿಟ್. ಒಂದು ಯೂನಿಟ್ ಅಂದ್ರೆ 36 ಲಕ್ಷ ವ್ಯಾಟ್-ಸೆಕೆಂಡ್, ಅದನ್ನ 3200ರಿಂದ ಭಾಗಿಸಿದ್ರೆ ಒಂದು ಮಿನುಗಿಗೆ 1125. ಈ 1125ನ್ನ ಎರಡು ಮಿನುಗಿನ ನಡುವಿನ ಸೆಕೆಂಡ್‌ನಿಂದ ಭಾಗಿಸಿದ್ರೆ ವ್ಯಾಟ್ ಸಿಗತ್ತೆ. ಗೀಸರ್ ಹಾಕ್ಸಿ ಮೊಬೈಲ್ ಸ್ಟಾಪ್‌ವಾಚಲ್ಲಿ 20 ಮಿನುಗು ಎಣಿಸ್ದೆ, 10 ಸೆಕೆಂಡ್ ಆಯ್ತು, ಅಂದ್ರೆ 2250 ವ್ಯಾಟ್. ಸ್ಕ್ರೀನಲ್ಲಿ 2238. ಆವತ್ತು ತುಂಬಾ ಖುಷಿಯಾಯ್ತು.

ಹೆಚ್ಚು ಟೈಮ್ ತಿಂದಿದ್ದು ಕನ್ನಡ. ಅಮ್ಮ ಇಂಗ್ಲಿಷ್ ಓದಲ್ಲ, ಆದ್ರಿಂದ ಕನ್ನಡದಲ್ಲೇ ಬರ್ಬೇಕಿತ್ತು. ಪ್ರೋಗ್ರಾಂ ಬರೆದ ಪೈಥಾನ್ ಭಾಷೇಲಿ, ಚಿತ್ರ ಬಿಡಿಸೋ ಪಿಲ್ಲೋ ಅನ್ನೋ ಲೈಬ್ರರಿ ಇಟ್ಕೊಂಡು ನೋಟೋ ಅನ್ನೋ ಕನ್ನಡ ಫಾಂಟಲ್ಲಿ "ಒಟ್ಟು" ಅಂತ ಬರೆಸಿದ್ರೆ ಒತ್ತು ಕೆಳಗೆ ಬರ್ದೆ ಪಕ್ಕಕ್ಕೆ ಬಿತ್ತು, "ಯೂನಿಟ್" ಅಂತೂ ಗುರ್ತೇ ಸಿಗ್ಲಿಲ್ಲ. ಫಾಂಟ್ ಬದಲಾಯಿಸಿದ್ರೂ ಅಷ್ಟೇ. ಆಮೇಲೆ ಗೊತ್ತಾಯ್ತು, ಪಿಲ್ಲೋ ಒಳಗೆ ಅಕ್ಷರ ಜೋಡಿಸೋ ಕೆಲಸ ರಾಕ್ಮ್ ಅನ್ನೋ ಲೈಬ್ರರಿದು, ಅದು ಓಡೋಕೆ ಸಿಸ್ಟಮಲ್ಲಿ ಫ್ರಿಬಿಡಿ ಅನ್ನೋ ಇನ್ನೊಂದು ಲೈಬ್ರರಿ ಇರ್ಬೇಕು, ನನ್ನ ಪೈಲಿ ಅದು ಇರ್ಲಿಲ್ಲ. ಹಾಕಿದ್ಮೇಲೆ ಒತ್ತಕ್ಷರ ಎಲ್ಲ ತನ್ನ ಜಾಗಕ್ಕೆ ಬಂತು. 64 ಚುಕ್ಕಿ ಎತ್ತರದಲ್ಲಿ ಕನ್ನಡದ್ದು ಎರಡು ಸಾಲು ಮಾತ್ರ ಓದೋ ಹಾಗೆ ಕೂರತ್ತೆ, ಮೂರ್ನೇದು ತುರುಕಿದ್ರೆ ಒತ್ತು ಕಚ್ಕೊಳತ್ತೆ.

ಈಗ ಮೇಲೆ "ಈಗ 214 ವ್ಯಾಟ್", ಕೆಳಗೆ ದೊಡ್ಡದಾಗಿ "ಉಳಿದದ್ದು 61". ಬಳಸಿದ್ದಕ್ಕಿಂತ ಉಳಿದದ್ದು ತೋರ್ಸು ಅಂತ ಅಮ್ಮನೇ ಹೇಳಿದ್ದು, ಅದೇ ಸರಿ ಅನ್ಸತ್ತೆ. ಪೈ ಟೆಂಪರೇಚರ್, ವೈಫೈ, ಮೆಮೊರಿ ಎಲ್ಲ ನಂಗೆ ಬೇಕಾಗಿದ್ದು, ಅವು ಬಟನ್ ಒತ್ತಿದ್ರೆ 10 ಸೆಕೆಂಡ್ ಬಂದು ಹೋಗತ್ತೆ. ರಾತ್ರಿ 10ರಿಂದ ಬೆಳಗ್ಗೆ 5ರ ತನಕ ಸ್ಕ್ರೀನ್ ಆಫ್, ಒಂದೇ ಅಕ್ಷರ ಹಗಲೂ ರಾತ್ರಿ ಉರಿದ್ರೆ ಓಎಲ್‌ಇಡಿಲಿ ಅಚ್ಚು ಉಳ್ಕೊಳತ್ತೆ. ಕರೆಂಟ್ ಹೋದ್ರೂ ಯೂನಿಟ್ ಲೆಕ್ಕ ಮಾಡ್ಯೂಲ್ ಒಳಗೇ ಉಳಿಯತ್ತೆ, ಬಿಲ್ ಬಂದ ದಿನದ ರೀಡಿಂಗ್ ಒಂದೇ ನಾನು ಫೈಲಲ್ಲಿ ಬರ್ದಿಡೋದು.

ಮೊನ್ನೆ ಬೆಳಗ್ಗೆ ಅಡುಗೆಮನೆಯಿಂದ ಅಮ್ಮ ಕೂಗಿದ್ರು, "ಎರಡು ಸಾವಿರ ತೋರಿಸ್ತಿದೆ, ಯಾರೋ ಗೀಸರ್ ಬಿಟ್ಟಿದೀರ?" ನಿಜವಾಗ್ಲೂ ತಮ್ಮ ಸ್ನಾನ ಮುಗ್ಸಿ ಹೊರಟು ಹೋಗಿದ್ದ, ನಲ್ಲಿ ಪೂರ್ತಿ ಮುಚ್ಚಿರ್ಲಿಲ್ಲ, ಸ್ವಿಚ್ ಆನಲ್ಲೇ ಇತ್ತು.