ಡ್ರೈವರ್ ಹೋಗಿದೆ ಅಂದುಕೊಂಡ ರಾತ್ರಿ

ಡಾಕ್ಟರಿಗೆ ಕಾಯಿಲೆ ಗೊತ್ತಾಗದಿದ್ದರೆ ‘ವೈರಲ್’ ಅನ್ನುತ್ತಾರಂತೆ. ಕಂಪ್ಯೂಟರ್ ರಿಪೇರಿಯವರಾದ ನಾವು ‘ಡ್ರೈವರ್ ಹೋಗಿದೆ’ ಅನ್ನುತ್ತೇವೆ. ಡ್ರೈವರ್ ಅಂದರೆ ಪ್ರಿಂಟರಿನಂಥ ಸಾಧನದ ಜೊತೆ ಕಂಪ್ಯೂಟರ್ ಮಾತಾಡಲು ಬೇಕಾದ ಸಣ್ಣ ಸಾಫ್ಟ್‌ವೇರ್. ಹದಿನೆಂಟು ವರ್ಷದಿಂದ ಮುಂಬಯಿಯ ಹೋಟೆಲುಗಳ ಬಿಲ್ಲಿಂಗ್ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದೇನೆ. ಈ ಮಾತನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. 2025ರ ಅಕ್ಟೋಬರಿನಲ್ಲಿ ಒಂದೇ ರಾತ್ರಿ ಮೂರು ಸಲ ಹೇಳಿದೆ. ಅದರಲ್ಲಿ ಎರಡು ಸಲ ಹೇಳಿದ್ದು ತಪ್ಪು.

ಹೋಟೆಲು ಮಾಟುಂಗಾದ ಕಿಂಗ್ಸ್ ಸರ್ಕಲ್ ಹತ್ತಿರದ್ದು. ಧಣಿಗಳು ಕುಂದಾಪುರ ಕಡೆಯವರು, ನಮ್ಮೂರಿನ ಪಕ್ಕದವರೇ. ಗಲ್ಲಾದಲ್ಲಿ ಒಂದು ಡೆಸ್ಕ್‌ಟಾಪ್. ಅದಕ್ಕೆ ಮೂರು ಯುಎಸ್‌ಬಿ ಸಾಮಾನು: ಬಿಲ್ ಹೊಡೆಯುವ ಥರ್ಮಲ್ ಪ್ರಿಂಟರ್, ಅಡುಗೆಮನೆಯಲ್ಲಿ ಆರ್ಡರ್ ಚೀಟಿ ಹೊಡೆಯುವ ಇನ್ನೊಂದು ಪ್ರಿಂಟರ್, ಮತ್ತೆ ದೋಸೆ ಹಿಟ್ಟು ತೂಗುವ ಮೆಷಿನ್. ಹಿಟ್ಟೇನು ದೊಡ್ಡ ವಿಷಯ ಅನ್ನಬೇಡಿ. ಮುಂಬಯಿಯಲ್ಲಿ ಮನೆಯಲ್ಲಿ ಅರೆಯಲು ಪುರುಸೊತ್ತು ಯಾರಿಗಿದೆ? ಬೆಳಗ್ಗೆ ಹಿಟ್ಟಿನ ಪಾರ್ಸೆಲ್ಲಿಗೇ ಬೇರೆ ಕ್ಯೂ ನಿಲ್ಲುತ್ತದೆ. ಮೆಷಿನ್ನಿನ ತೂಕ ನೇರವಾಗಿ ಬಿಲ್ಲಿಗೆ ಹೋಗಬೇಕು.

ವಿಂಡೋಸ್ 10ರ ಬೆಂಬಲ ಅಕ್ಟೋಬರ್ 14ಕ್ಕೆ ಮುಗಿಯುತ್ತಿತ್ತು. ಇನ್ನೊಂದು ವರ್ಷ ಸುರಕ್ಷತೆಯ ಅಪ್‌ಡೇಟ್ ಪಡೆಯುವ ದಾರಿಯೂ ಇತ್ತು. ಆದರೆ ಇವರ ಸಿಪಿಯು ಎಂಟನೇ ತಲೆಮಾರಿನ ಐ3, ವಿಂಡೋಸ್ 11 ಅನ್ನು ತೆಗೆದುಕೊಳ್ಳುತ್ತದೆ. ಬಯೋಸ್‌ನಲ್ಲಿ, ಅಂದರೆ ವಿಂಡೋಸ್ ಏಳುವ ಮೊದಲಿನ ಸೆಟ್ಟಿಂಗಿನಲ್ಲಿ, ಟಿಪಿಎಂ ಎಂಬ ಸುರಕ್ಷತೆಯ ಏರ್ಪಾಡನ್ನು ಆನ್ ಮಾಡಿದರೆ ಸಾಕಿತ್ತು. ದೀಪಾವಳಿಗೆ ವಾರ ಮೊದಲೇ ಮುಗಿಸೋಣ ಎಂದು 12ನೇ ತಾರೀಖು, ಭಾನುವಾರ ರಾತ್ರಿ, ಹೋಟೆಲು ಮುಚ್ಚಿದ ಮೇಲೆ ಕೂತೆ.

ಅಪ್‌ಗ್ರೇಡ್ ಮಾಡುವಾಗ ಬೇಡದ ಯುಎಸ್‌ಬಿ ಸಾಮಾನನ್ನೆಲ್ಲ ಬಿಚ್ಚಿಡುವುದು ಒಳ್ಳೆಯ ಅಭ್ಯಾಸ. ಬಿಚ್ಚಿಟ್ಟೆ. ಹೇಗೂ ಬಿಚ್ಚಿದ್ದಾಯಿತಲ್ಲ ಎಂದು ಡಬ್ಬಿ ತೆಗೆದು ಬ್ಲೋವರ್ ಹಾಕಿ ಧೂಳು ಹೊಡೆದೆ. ಐದು ವರ್ಷದ ಎಣ್ಣೆ ಜಿಡ್ಡು, ಹಿಟ್ಟಿನ ಪುಡಿ, ಎರಡು ಸತ್ತ ಜಿರಲೆ. ಈ ಬ್ಲೋವರಿನ ವಿಷಯ ನೆನಪಿಟ್ಟುಕೊಳ್ಳಿ.

ರಾತ್ರಿ ಎರಡೂವರೆಗೆ ವಿಂಡೋಸ್ 11 ಎದ್ದು ನಿಂತಿತು. ಕೇಬಲ್‌ಗಳನ್ನು ಹಿಂದಕ್ಕೆ ಕೈ ಹಾಕಿ, ಸಿಕ್ಕ ಪೋರ್ಟಿಗೆ ತುರುಕಿದೆ. ಬಿಲ್ ಪ್ರಿಂಟರ್ ಸುಮ್ಮನೆ ಕೂತಿತು. ಅಡುಗೆಮನೆಯದೂ ಸುಮ್ಮನೆ. ತೂಕದ ಮೆಷಿನ್ನಿನ ಅಂಕಿ ಸಾಫ್ಟ್‌ವೇರಿಗೆ ಬರಲಿಲ್ಲ. ಮೂರೂ ಒಟ್ಟಿಗೆ ಸತ್ತರೆ ಯಾರಾದರೂ ಏನಂದುಕೊಳ್ಳುತ್ತಾರೆ? ಅಪ್‌ಗ್ರೇಡ್ ಎಲ್ಲ ಡ್ರೈವರ್ ತಿಂದುಹಾಕಿದೆ ಅಂದುಕೊಂಡೆ. ಧಣಿಗಳಿಗೂ ಫೋನಿನಲ್ಲಿ ಹಾಗೇ ಹೇಳಿದೆ.

“ಎಂತ ಮಾರಾಯಾ, ಹೊತ್ತಾರೆ ಗಿರಾಕಿ ಬಂದ್ರೆ ನಾ ಎಂತ ಹೇಳೂದ್?” ಅಂದರು.

ಬ್ಯಾಗಿನಲ್ಲಿದ್ದ ಡ್ರೈವರ್ ಸಿಡಿಯಿಂದ ಬಿಲ್ ಪ್ರಿಂಟರಿನ ಡ್ರೈವರ್ ಹಾಕಿದೆ. ತೆಗೆದೆ. ಮತ್ತೆ ಹಾಕಿದೆ. ರೀಸ್ಟಾರ್ಟ್ ಮಾಡಿ ಮೂರನೇ ಸಲ ಹಾಕಿದೆ. ಪ್ರಿಂಟರುಗಳ ಪಟ್ಟಿಯಲ್ಲಿ ಒಂದೇ ಹೆಸರು ‘ಕಾಪಿ 1’, ‘ಕಾಪಿ 2’ ಎಂದು ಬೆಳೆಯುತ್ತಾ ಹೋಯಿತು. ಚೀಟಿ ಮಾತ್ರ ಒಂದೂ ಬರಲಿಲ್ಲ.

ಇಲ್ಲಿ ನಾನು ನೋಡದೇ ಹೋದದ್ದು ಏನೆಂದರೆ, ಸಾಧನಗಳ ಪಟ್ಟಿ ತೋರಿಸುವ ಡಿವೈಸ್ ಮ್ಯಾನೇಜರಿನಲ್ಲಿ ಈ ಪ್ರಿಂಟರಿಗೆ ತಕರಾರಿನ ಗುರುತಾದ ಹಳದಿ ತ್ರಿಕೋನವೇ ಇರಲಿಲ್ಲ. ‘ಯುಎಸ್‌ಬಿ ಪ್ರಿಂಟಿಂಗ್ ಸಪೋರ್ಟ್’ ಎಂದು ಚೆನ್ನಾಗಿಯೇ ತೋರಿಸುತ್ತಿತ್ತು. ಅಂದರೆ ಡ್ರೈವರ್ ಸರಿಯಾಗಿಯೇ ಇದೆ. ಕೊನೆಗೆ ಪ್ರಿಂಟರ್ ಪ್ರಾಪರ್ಟೀಸ್‌ಗೆ ಹೋಗಿ ಪೋರ್ಟ್ಸ್ ಟ್ಯಾಬ್ ತೆರೆದೆ. ಬಿಲ್ಲಿಂಗ್ ಸಾಫ್ಟ್‌ವೇರ್ ಬಿಲ್ಲು ಕಳಿಸುತ್ತಿದ್ದ, ಪಟ್ಟಿಯಲ್ಲಿನ ಹಳೆಯ ಪ್ರಿಂಟರ್ ಹೆಸರು ‘ಯುಎಸ್‌ಬಿ001’ಕ್ಕೆ ಕಟ್ಟಿಕೊಂಡಿತ್ತು. ನಿಜವಾದ ಪ್ರಿಂಟರ್ ‘ಯುಎಸ್‌ಬಿ003’ರಲ್ಲಿ ಕೂತಿತ್ತು. 003ರ ಮುಂದೆ ಟಿಕ್ ಹಾಕಿ ಅಪ್ಲೈ ಒತ್ತಿದ್ದೇ ತಡ, ಅಷ್ಟು ಹೊತ್ತು ಕ್ಯೂನಲ್ಲಿ ಕಾದಿದ್ದ ಹನ್ನೊಂದು ಟೆಸ್ಟ್ ಬಿಲ್ಲುಗಳು ಒಂದರ ಹಿಂದೆ ಒಂದು ಬಂದವು. ಗಂಟೆ ನಾಲ್ಕಾಗಿತ್ತು.

ಯಾಕೆ ಹೀಗಾಗುತ್ತದೆ ಅಂದರೆ, ಒಳ್ಳೆಯ ಪೆನ್‌ಡ್ರೈವಿನಂಥ ಸಾಧನದ ಒಳಗೆ ಅದರದ್ದೇ ಸೀರಿಯಲ್ ನಂಬರ್ ಇರುತ್ತದೆ. ಅದನ್ನು ಯಾವ ಪೋರ್ಟಿಗೆ ಹಾಕಿದರೂ ವಿಂಡೋಸ್ ‘ಓ, ನೀನಾ’ ಎಂದು ಗುರುತು ಹಿಡಿಯುತ್ತದೆ. ಕಡಿಮೆ ಬೆಲೆಯ ಎಷ್ಟೋ ಪ್ರಿಂಟರುಗಳಲ್ಲಿ, ಕೇಬಲ್‌ಗಳಲ್ಲಿ ಈ ನಂಬರ್ ಇರುವುದಿಲ್ಲ. ಆಗ ವಿಂಡೋಸಿಗೆ ಗುರುತು ಸಿಗುವುದು ಅದು ಕೂತ ಜಾಗದಿಂದ. ಜಾಗ ಬದಲಾದರೆ ಅದರ ಪಾಲಿಗೆ ಬೇರೆಯದೇ ಸಾಧನ. ಮನೆ ಬದಲಿಸಿದವನಿಗೆ ಹೊಸ ರೇಷನ್ ಕಾರ್ಡ್ ಮಾಡಿಕೊಟ್ಟ ಹಾಗೆ, ಹಳೆಯ ಕಾರ್ಡೂ ಹಾಗೇ ಉಳಿದಿರುತ್ತದೆ. ಇದರಲ್ಲಿ ಅಪ್‌ಗ್ರೇಡಿನ ತಪ್ಪೇನಿಲ್ಲ. ಕೇಬಲನ್ನು ಬೇರೆ ಪೋರ್ಟಿಗೆ ಹಾಕಿದ್ದು ನನ್ನ ಕೈ.

ಅಡುಗೆಮನೆಯ ಪ್ರಿಂಟರಿಗೆ ಹಳದಿ ತ್ರಿಕೋನ ಇತ್ತು. ‘ಅನ್‌ನೋನ್ ಯುಎಸ್‌ಬಿ ಡಿವೈಸ್, ಡಿಸ್ಕ್ರಿಪ್ಟರ್ ರಿಕ್ವೆಸ್ಟ್ ಫೇಲ್ಡ್’, ಕೋಡ್ 43. ಇದಕ್ಕೂ ಸಿಡಿ ಹಾಕಿದೆ. ಈಗ ನೆನೆಸಿಕೊಂಡರೆ ನಗು ಬರುತ್ತದೆ. ಸಾಧನದ ಡೀಟೇಲ್ಸ್ ಟ್ಯಾಬಿನಲ್ಲಿ ಹಾರ್ಡ್‌ವೇರ್ ಐಡಿ ಎಂದು ಒಂದು ಸಾಲಿರುತ್ತದೆ. ಅದರಲ್ಲಿ ವಿಐಡಿ ಅಂದರೆ ಮಾಡಿದವರ ನಂಬರ್, ಪಿಐಡಿ ಅಂದರೆ ಮಾಲಿನ ನಂಬರ್. ಇಲ್ಲಿ ವಿಐಡಿ 0000, ಪಿಐಡಿ 0002 ಎಂದಿತ್ತು. ಸೊನ್ನೆ ಬಂತು ಅಂದರೆ ಸಾಧನ ತನ್ನ ಹೆಸರನ್ನೇ ಹೇಳಲಾಗಲಿಲ್ಲ ಎಂದರ್ಥ. ಹೆಸರೇ ಹೇಳದವನಿಗೆ ಯಾವ ಡ್ರೈವರ್ ಕೊಡುವುದು? ಇಂಥ ಹೊತ್ತಿನಲ್ಲಿ ಮೊದಲು ನೋಡಬೇಕಾದದ್ದು ಕೇಬಲ್, ಪೋರ್ಟ್, ಕರೆಂಟು. ನನಗೆ ಇದು ಗೊತ್ತಿಲ್ಲದ್ದೇನಲ್ಲ. ಆದರೆ ಬೆಳಗಿನ ಜಾವ ನಿದ್ದೆಗಣ್ಣಿನಲ್ಲಿ ತಲೆ ‘ಅಪ್‌ಗ್ರೇಡ್, ಅಪ್‌ಗ್ರೇಡ್’ ಎಂದೇ ಹೇಳುತ್ತಿತ್ತು.

ಐದೂವರೆಗೆ ಅಡುಗೆಮನೆ ಬಾಗಿಲು ತೆರೆಯಿತು. ದೋಸೆ ಭಟ್ರು ಬಂದು ಕಾವಲಿಗೆ ಬೆಂಕಿ ಹಚ್ಚಿದರು. ನನ್ನ ಅವಸ್ಥೆ ನೋಡಿ ಒಂದು ಲೋಟ ಕಾಪಿ ಕೊಟ್ಟರು. ಆಮೇಲೆ ಮೇಲಿನ ಹಲಗೆ ತೋರಿಸಿ, “ಈ ಕಪ್ಪು ಡಬ್ಬಿಯ ಲೈಟು ಯಾವಾಗಲೂ ಉರಿಯುತ್ತದಲ್ಲ, ಇವತ್ತು ಯಾಕೆ ಇಲ್ಲ?” ಎಂದು ಕೇಳಿದರು.

ಗಲ್ಲಾದಿಂದ ಅಡುಗೆಮನೆಗೆ ಹತ್ತು ಮೀಟರ್ ದೂರ. ಯುಎಸ್‌ಬಿ 2.0ರ ಒಂದು ಕೇಬಲ್ ಐದು ಮೀಟರಿಗಿಂತ ಉದ್ದ ಇರಬಾರದು. ಅದಕ್ಕೇ ಮಧ್ಯೆ ಒಂದು ಬೂಸ್ಟರ್ ಡಬ್ಬಿ ಹಾಕಿದ್ದೆವು. ಅದಕ್ಕೆ ಅಡಾಪ್ಟರಿನಿಂದ ಬೇರೆ ಕರೆಂಟು. ಆ ಅಡಾಪ್ಟರ್ ಇದ್ದದ್ದು ಗಲ್ಲಾದ ಕೆಳಗಿನ ಎಕ್ಸ್‌ಟೆನ್ಶನ್ ಬೋರ್ಡಿನಲ್ಲಿ. ಹೋಗಿ ನೋಡಿದರೆ ಅದರ ಜಾಗದಲ್ಲಿ ನನ್ನ ಬ್ಲೋವರ್! ಜಾಗ ಇಲ್ಲವೆಂದು ನಾನೇ ಕಿತ್ತು ಬ್ಲೋವರ್ ಹಾಕಿದ್ದೆ. ಅಡಾಪ್ಟರ್ ವಾಪಸ್ ಹಾಕಿದೆ. ತ್ರಿಕೋನ ಮಾಯ. ಭಟ್ರು ಏನೂ ಹೇಳಲಿಲ್ಲ, ಇನ್ನೊಂದು ಲೋಟ ಕಾಪಿ ಕೊಟ್ಟರು.

ನಿಜವಾಗಿ ಡ್ರೈವರಿನ ತಕರಾರು ಇದ್ದದ್ದು ತೂಕದ ಮೆಷಿನ್ನಿಗೆ ಮಾತ್ರ. ಅದು ಯುಎಸ್‌ಬಿ ಬರುವ ಮೊದಲಿನ, ಹಳೆಯ ಕಾಲದ ಸೀರಿಯಲ್ ಪೋರ್ಟಿನದು. ಸೀರಿಯಲನ್ನು ಯುಎಸ್‌ಬಿಗೆ ಬದಲಿಸುವ ಒಂದು ನೀಲಿ ಕೇಬಲ್ ಹಾಕಿದ್ದೆವು. ಆ ಕೇಬಲಿನ ತಲೆಯೊಳಗೆ ಒಂದು ಚಿಪ್ ಇರುತ್ತದೆ. ಡ್ರೈವರ್ ಬೇಕಾಗುವುದು ಆ ಚಿಪ್ಪಿಗೆ, ಮೆಷಿನ್ನಿಗಲ್ಲ. ಇದನ್ನು ಎಷ್ಟೋ ಜನ ತಪ್ಪು ತಿಳಿಯುತ್ತಾರೆ. ತೂಕದ ಮೆಷಿನ್ ಮಾಡಿದವರಿಗೆ ಫೋನ್ ಮಾಡಿ ‘ಡ್ರೈವರ್ ಕಳಿಸಿ’ ಅನ್ನುತ್ತಾರೆ. ಅವರ ಹತ್ತಿರ ಎಲ್ಲಿಂದ ಬರಬೇಕು?

ಹಾರ್ಡ್‌ವೇರ್ ಐಡಿ ನೋಡಿದೆ. ವಿಐಡಿ 067ಬಿ, ಪಿಐಡಿ 2303. ಯಾವ ಚಿಪ್ ಎಂದು ಅರ್ಥವಾಯಿತು. ಡಿವೈಸ್ ಮ್ಯಾನೇಜರಿನಲ್ಲಿ ಕಾಮ್ ಪೋರ್ಟ್ (ಸೀರಿಯಲ್ ಪೋರ್ಟಿಗೆ ವಿಂಡೋಸ್ ಇಟ್ಟ ಹೆಸರು) ಎಂದು ಬರಬೇಕಾದ ಜಾಗದಲ್ಲಿ ಒಂದು ವಾಕ್ಯವೇ ಬಂದು ಕೂತಿತ್ತು: ಈ ಚಿಪ್ 2012ರಿಂದ ಬಳಕೆಯಲ್ಲಿಲ್ಲ, ಮಾರಿದವರನ್ನು ಕೇಳಿ. ಹೊಸ ಡ್ರೈವರ್ ಚಿಪ್ಪಿನ ಹಳೆಯ ತಳಿಯನ್ನು ಗುರುತಿಸಿ ಕೆಲಸ ಮಾಡಲು ಒಪ್ಪುವುದಿಲ್ಲ. ಆಗ ನನಗೆ ನೆನಪಾಯಿತು. ವಿಂಡೋಸ್ 10ರಲ್ಲೂ ಇದೇ ರಗಳೆ ಆಗಿತ್ತು. ನಾನೇ ಹಳೆಯ ಡ್ರೈವರ್ ಕೂರಿಸಿ ಓಡಿಸಿದ್ದೆ. ಎಲ್ಲೂ ಬರೆದಿಟ್ಟಿರಲಿಲ್ಲ.

ಕೇಬಲೇ ಸತ್ತಿಲ್ಲ ತಾನೇ ಎಂದು ಖಾತ್ರಿ ಮಾಡಿಕೊಳ್ಳಬೇಕಿತ್ತು. ನನ್ನ ಕೀ ಗೊಂಚಲಿನಲ್ಲಿ ಸದಾ ಒಂದು ಉಬುಂಟು (ವಿಂಡೋಸಿನ ಬದಲು ಓಡಿಸಬಹುದಾದ ಲಿನಕ್ಸ್) ಪೆನ್‌ಡ್ರೈವ್ ಇರುತ್ತದೆ. ಅದರಿಂದ ಕಂಪ್ಯೂಟರ್ ಎಬ್ಬಿಸಿದರೆ ಒಳಗಿನ ವಿಂಡೋಸಿಗೆ ಏನೂ ಆಗುವುದಿಲ್ಲ. ಇಂಥ ಚಿಪ್ಪುಗಳ ಡ್ರೈವರ್ ಲಿನಕ್ಸಿನ ತಿರುಳಾದ ಕರ್ನಲ್ಲಿನಲ್ಲೇ ಇದೆ. ಕೇಬಲ್ ಹಾಕಿ ಕರ್ನಲ್ಲಿನ ಸಂದೇಶಗಳನ್ನು ತೋರಿಸುವ ‘ಡಿಮೆಸೇಜ್’ ಕಮಾಂಡ್ ಓಡಿಸಿದೆ. ಪರಿವರ್ತಕ ಸಿಕ್ಕಿತು, ‘ಟಿಟಿವೈ ಯುಎಸ್‌ಬಿ 0’ ಎಂಬ ಪೋರ್ಟಿಗೆ ಜೋಡಣೆಯಾಯಿತು ಎಂದು ಬಂತು. ವೇಗ 9600 ಕೊಟ್ಟು ಪೋರ್ಟ್ ತೆರೆದರೆ ತೂಕದ ಅಂಕಿಗಳು ಸಾಲಾಗಿ ಹರಿದು ಬಂದವು. ಮೆಷಿನ್ ಸರಿ ಇದೆ, ಕೇಬಲ್ ಸರಿ ಇದೆ. ಅಂದಮೇಲೆ ಇದೊಂದು ಮಾತ್ರ ಡ್ರೈವರ್ರೇ. ಇಡೀ ರಾತ್ರಿಯಲ್ಲಿ ನಾನು ಮಾಡಿದ ಬುದ್ಧಿವಂತಿಕೆಯ ಕೆಲಸ ಇದು. ಮೂರು ಗಂಟೆ ಮೊದಲೇ ಮಾಡಬಹುದಿತ್ತು.

ವಿಂಡೋಸಿಗೆ ಮರಳಿ, ಅಪ್‌ಡೇಟ್ ಡ್ರೈವರ್ ಒತ್ತಿದೆ. ‘ನನ್ನ ಕಂಪ್ಯೂಟರಿನಲ್ಲೇ ಹುಡುಕು’, ಅದರೊಳಗೆ ‘ಪಟ್ಟಿಯಿಂದ ನಾನೇ ಆರಿಸುತ್ತೇನೆ’ ಎಂಬ ದಾರಿ. ಅಲ್ಲಿ ಒಂದೇ ಡ್ರೈವರಿನ ಹಲವು ಆವೃತ್ತಿಗಳು ಸಾಲಾಗಿ ಕೂತಿರುತ್ತವೆ. ಹಿಂದೆ ಹಾಕಿದ್ದು ಡ್ರೈವರ್ ಸ್ಟೋರಿನಲ್ಲಿ ಉಳಿದೇ ಇತ್ತು, 2008ರ ತಾರೀಖಿನದು. ಅದನ್ನು ಆರಿಸಿದೆ. ಬಿಲ್ಲಿನಲ್ಲಿ ತೂಕ ಬಂತು. ಬೆಳಗ್ಗೆ ಏಳಕ್ಕೆ ಹೋಟೆಲು ತೆರೆಯುವಾಗ ಮೂರೂ ಓಡುತ್ತಿದ್ದವು. ಮೊದಲ ಲೋಕಲ್ಲು ಯಾವಾಗಲೋ ಹೋಗಿತ್ತು. ಡೊಂಬಿವಲಿಗೆ ಹೋಗಿ ಮಲಗಿದೆ.

ಮರುದಿನ ಬೆಳಗ್ಗೆ ಮತ್ತೆ ಫೋನ್. ವಿಂಡೋಸ್ ಅಪ್‌ಡೇಟ್ ರಾತ್ರಿಯಲ್ಲಿ ಹೊಸ ಡ್ರೈವರನ್ನು ತಂದು ಕೂರಿಸಿತ್ತು. ಅದರ ದೃಷ್ಟಿಯಲ್ಲಿ ಅದು ಸರಿಯೇ. ಹೊಸ ಡ್ರೈವರ್ ಬಾರದ ಹಾಗೆ ತಡೆಯುವ ಉಪಾಯಗಳಿವೆ. ಆದರೆ ಹಳೆಯದಕ್ಕೆ ಜೋತುಬಿದ್ದು ಪ್ರತಿ ಸಲ ಹೀಗೆ ಕಾವಲು ಕಾಯುವುದು ನನಗೆ ಸರಿ ಕಾಣಲಿಲ್ಲ. ಮಾಟುಂಗಾ ರೋಡ್ ಸ್ಟೇಷನ್ನಿನಿಂದ ಸ್ಲೋ ಲೋಕಲ್ ಹತ್ತಿ ಗ್ರ್ಯಾಂಟ್ ರೋಡಿನಲ್ಲಿ ಇಳಿದೆ. ಲ್ಯಾಮಿಂಗ್ಟನ್ ರೋಡಿನ ಅಂಗಡಿಗಳಲ್ಲಿ ಇಂಥ ಕೇಬಲ್ ರಾಶಿ ರಾಶಿ ಸಿಗುತ್ತವೆ. ಡಬ್ಬದ ಮೇಲೆ ಬರೆದದ್ದನ್ನು ನಾನು ನಂಬುವುದಿಲ್ಲ. ಹೊರಗಿನಿಂದ ನೋಡಿದರೆ ಎಲ್ಲವೂ ಒಂದೇ. ಲ್ಯಾಪ್‌ಟಾಪ್ ಅಂಗಡಿಯ ಕೌಂಟರಿನ ಮೇಲಿಟ್ಟು, ಕೇಬಲ್ ಚುಚ್ಚಿ, ಹಾರ್ಡ್‌ವೇರ್ ಐಡಿ ನೋಡಿಯೇ ದುಡ್ಡು ಕೊಟ್ಟೆ. ವಿಐಡಿ 1ಎ86, ಪಿಐಡಿ 7523. ಅಂದರೆ ಸಿಎಚ್340 ಚಿಪ್. ಅಂಗಡಿಯ ಹುಡುಗ ಮರಾಠಿಯಲ್ಲಿ ಏನೋ ಗೊಣಗಿದ. ಗೊಣಗಲಿ.

ಹೊಸ ಕೇಬಲ್ ಹಾಕಿದಾಗ ಅದು ಕಾಮ್ 5 ಆಗಿ ಬಂತು. ಬಿಲ್ಲಿಂಗ್ ಸಾಫ್ಟ್‌ವೇರ್ ಕಾಮ್ 3ನ್ನೇ ಕೇಳುತ್ತದೆ. ಪೋರ್ಟ್ ಸೆಟ್ಟಿಂಗಿನ ಅಡ್ವಾನ್ಸ್‌ಡ್‌ನಲ್ಲಿ ನಂಬರ್ ಬದಲಿಸಲು ಹೋದರೆ ‘3 ಬಳಕೆಯಲ್ಲಿದೆ’ ಅನ್ನುತ್ತದೆ. ಬಳಸುತ್ತಿರುವುದು ಯಾರು? ನನ್ನ ಬ್ಯಾಗಿನಲ್ಲಿ ಮಲಗಿರುವ ಹಳೆಯ ನೀಲಿ ಕೇಬಲ್! ಡಿವೈಸ್ ಮ್ಯಾನೇಜರಿನ ವ್ಯೂ ಮೆನುವಿನಲ್ಲಿ ‘ಶೋ ಹಿಡನ್ ಡಿವೈಸಸ್’ ಒತ್ತಿದರೆ ಹೀಗೆ ಹೋದವರೆಲ್ಲ ಮಸುಕಾಗಿ ಕಾಣುತ್ತಾರೆ. ಅದನ್ನೂ, ಪ್ರಿಂಟರಿನ ಹಳೆಯ ಅವತಾರಗಳನ್ನೂ ಒಂದೊಂದಾಗಿ ಅಳಿಸಿದೆ. ಆಮೇಲೆ 3 ಸುಮ್ಮನೆ ಸಿಕ್ಕಿತು.

ಅದಾದ ಮೇಲೆ ಇನ್ನೊಂದು ಸಣ್ಣ ದೂರು ಬಂತು. ಮಧ್ಯಾಹ್ನ ಗಿರಾಕಿ ಕಡಿಮೆಯಾಗಿ ಸಂಜೆ ಮತ್ತೆ ಶುರುವಾದಾಗ ಅಡುಗೆಮನೆಯ ಪ್ರಿಂಟರಿನ ಮೊದಲ ಚೀಟಿ ಬರುವುದಿಲ್ಲ ಎಂದು. ಅದು ಕರೆಂಟು ಉಳಿಸುವ ಏರ್ಪಾಡು. ಯುಎಸ್‌ಬಿ ಹಬ್‌ನ ಪವರ್ ಮ್ಯಾನೇಜ್‌ಮೆಂಟ್ ಟ್ಯಾಬಿನಲ್ಲಿ ಇದ್ದ ಟಿಕ್ ತೆಗೆದೆ, ಮುಗಿಯಿತು.

ಅದೇ ತಿಂಗಳು ಸಯಾನಿನಲ್ಲಿ ಒಬ್ಬ ಅಕೌಂಟೆಂಟರ ಆಫೀಸಿನಲ್ಲಿ ಬೇರೆಯೇ ಥರದ್ದು ಸಿಕ್ಕಿತು. ಹಳೆಯ ಸಾಫ್ಟ್‌ವೇರಿನ ಯುಎಸ್‌ಬಿ ಬೀಗ, ಅಂದರೆ ಚುಚ್ಚಿದರೆ ಮಾತ್ರ ಸಾಫ್ಟ್‌ವೇರ್ ಓಡುವ ಡಾಂಗಲ್, ಓದುತ್ತಿರಲಿಲ್ಲ. ವಿಂಡೋಸ್ ಸೆಕ್ಯೂರಿಟಿಯ ಕೋರ್ ಐಸೊಲೇಷನ್ ಒಳಗೆ ‘ಮೆಮೊರಿ ಇಂಟೆಗ್ರಿಟಿ’ ಆನ್ ಆಗಿತ್ತು. ಈ ರಕ್ಷಣೆ ತನಗೆ ಹೊಂದದ ಹಳೆಯ ಡ್ರೈವರನ್ನು ಒಳಗೆ ಬಿಡುವುದಿಲ್ಲ. ಆಫ್ ಮಾಡಿದರೆ ಓದುತ್ತದೆ. ಎಲ್ಲರೂ ಅದನ್ನೇ ಮಾಡುತ್ತಾರೆ. ನಾನು ಮಾಡಲಿಲ್ಲ. ಊರಿನವರ ತೆರಿಗೆ ಲೆಕ್ಕ ಇರುವ ಕಂಪ್ಯೂಟರಿನ ಚಿಲಕವನ್ನು ಒಂದು ಬೀಗದ ಸಲುವಾಗಿ ತೆಗೆದಿಡುವುದೇ? ಸಾಫ್ಟ್‌ವೇರಿನವರಿಂದ ಹೊಸ ಡ್ರೈವರ್ ತರಿಸಲು ನಾಲ್ಕು ದಿನ ಹಿಡಿಯಿತು. ಅಕೌಂಟೆಂಟರು ನನ್ನ ಮೇಲೆ ಸ್ವಲ್ಪ ಮುನಿಸಿಕೊಂಡರು ಅನ್ನಿ.

ಈಗ ಅಪ್‌ಗ್ರೇಡಿಗೆ ಕೂರುವ ಮೊದಲು ಡಿವೈಸ್ ಮ್ಯಾನೇಜರಿನ ಫೋಟೋ, ಸಿಪಿಯು ಹಿಂಭಾಗದ ಫೋಟೋ, ಬೋರ್ಡಿನ ಫೋಟೋ ಮೊಬೈಲಿನಲ್ಲಿ ತೆಗೆದುಕೊಳ್ಳುತ್ತೇನೆ. ‘ಪಿಎನ್‌ಪಿ ಯುಟಿಲ್’ ಎಂಬ ಕಮಾಂಡಿನ ‘ಎಕ್ಸ್‌ಪೋರ್ಟ್ ಡ್ರೈವರ್’ನಿಂದ, ಹೊರಗಿನಿಂದ ಬಂದ ಡ್ರೈವರುಗಳನ್ನೆಲ್ಲ ಒಂದು ಫೋಲ್ಡರಿಗೆ ಇಳಿಸಿಕೊಳ್ಳುತ್ತೇನೆ. ತೀರಾ ಎಡವಟ್ಟಾದರೆ ಹತ್ತು ದಿನದೊಳಗೆ ಹಳೆಯ ವಿಂಡೋಸಿಗೆ ಮರಳಬಹುದು. ಅದನ್ನು ಧಣಿಗಳಿಗೆ ಮೊದಲೇ ಹೇಳಿಡುತ್ತೇನೆ, ಅವರಿಗೂ ಧೈರ್ಯ. ಮಾಟುಂಗಾದ ಸಿಪಿಯು ಹಿಂಭಾಗದಲ್ಲಿ ವೈಟ್ನರಿನಿಂದ 1, 2, 3 ಎಂದು ಬರೆದಿದ್ದೇನೆ. ಕೇಬಲ್‌ಗಳ ಕುತ್ತಿಗೆಗೂ ಅದೇ ಅಂಕಿ.

ದೀಪಾವಳಿ ಕಳೆದು ಕೆಲವು ದಿನಕ್ಕೆ ನಾನು ಮನೆಗೆ ಹೊರಟಿದ್ದೆ, ಠಾಣೆ ದಾಟಿದ ಗಾಡಿಯಲ್ಲಿ ನೇತಾಡುತ್ತಿದ್ದೆ. ಗಲ್ಲಾದ ಹುಡುಗ ಫೋನ್ ಮಾಡಿದ.

“ಅಣ್ಣಾ, ಬಿಲ್ ಬರ್ತಿಲ್ಲ. ಡ್ರೈವರ್ ಹೋಯ್ತು ಅಂತ ಕಾಣ್ತದೆ.”

“ಹಿಂದೆ ನೋಡು. ಒಂದನೇ ಕೇಬಲ್ ಎಷ್ಟರಲ್ಲಿದೆ?”

“ಎರಡರಲ್ಲಿ. ಮಧ್ಯಾಹ್ನ ಜಿರಲೆ ಔಷಧಿಯವರು ಬಂದು ಎಲ್ಲ ಎಳೆದಿದ್ರು.”

“ಒಂದಕ್ಕೆ ಹಾಕು.”

ಗಾಡಿ ಮುಂಬ್ರಾ ಬಿಡುವ ಹೊತ್ತಿಗೆ ಪ್ರಿಂಟರ್ ಚೀಟಿ ಉಗುಳುವ ಸದ್ದು ಫೋನಿನಲ್ಲೇ ಕೇಳಿಸಿತು.