ಗೋಲಾದ ಮೇಲೂ ಕ್ಯಾಮೆರಾ ಇಳಿಸಬೇಡಿ: ಕೊಡವ ಹಾಕಿ ಹಬ್ಬದಲ್ಲಿ ಫೋಟೋ ತೆಗೆಯುವವರಿಗೆ

ಐಸ್ ಹಾಕಿಯ ಹೆಸರಾಂತ ಫೋಟೋಗಳನ್ನು ಒಮ್ಮೆ ಗಮನವಿಟ್ಟು ನೋಡಿ. 1970ರ ಮೇ 10ರಂದು ಬಾಸ್ಟನ್‌ನಲ್ಲಿ ರೇ ಲೂಸಿಯರ್ ತೆಗೆದ ಚಿತ್ರದಲ್ಲಿ ಬಾಸ್ಟನ್ ತಂಡದ ಆಟಗಾರ ಬಾಬಿ ಓರ್ ಕೈ ಚಾಚಿ ಗಾಳಿಯಲ್ಲಿ ತೇಲುತ್ತಿದ್ದಾರೆ. ಪಕ್ (ಐಸ್ ಹಾಕಿಯಲ್ಲಿ ಚೆಂಡಿನ ಬದಲಿಗಿರುವ ಬಿಲ್ಲೆ) ಆಗಲೇ ಗೋಲಿನೊಳಗಿದೆ. 1972ರ ಸೆಪ್ಟೆಂಬರ್ 28ರಂದು ಮಾಸ್ಕೋದಲ್ಲಿ ಫ್ರಾಂಕ್ ಲೆನನ್ ತೆಗೆದದ್ದರಲ್ಲಿ ಕೆನಡಾದ ಪಾಲ್ ಹೆಂಡರ್ಸನ್ ಕೈ ಎತ್ತಿದ್ದಾರೆ, ಜೊತೆಗಾರ ತಬ್ಬಿಕೊಂಡಿದ್ದಾರೆ. ಅಲ್ಲಿ ಆಟ ತೀರಲು ಉಳಿದಿದ್ದದ್ದು 34 ಸೆಕೆಂಡ್. ಎರಡೂ ಗೋಲಾದ ನಂತರದ ಗಳಿಗೆಗಳೇ. ನಮ್ಮಲ್ಲಿ ಮಂಜುಗಡ್ಡೆ ಇಲ್ಲ, ಆದರೆ 1997ರಲ್ಲಿ ಕೊಡಗಿನ ಕರಡದಲ್ಲಿ ಶುರುವಾದ ಒಕ್ಕಗಳ (ಕೊಡವ ಮನೆತನಗಳ) ಹಾಕಿ ಇದೆ. ಅದಕ್ಕೂ ಇದೇ ಪಾಠ. ಚೆಂಡು ಒಳಗೆ ಹೋದ ಮೇಲೆ ಕನಿಷ್ಠ ಹತ್ತು ಸೆಕೆಂಡ್ ಬಟನ್‌ನಿಂದ ಬೆರಳು ತೆಗೆಯಬೇಡಿ, ಹಿಂದಿನ ಸ್ಕ್ರೀನ್ ನೋಡಬೇಡಿ.

ಕೂರುವ ಜಾಗವೇ ಅರ್ಧ ಫೋಟೋ. ಹೆಚ್ಚುವರಿ ಸಮಯದ ಆಟ ಶುರುವಾಗುವಾಗ ಲೂಸಿಯರ್ ಬಾಸ್ಟನ್ ತಂಡ ದಾಳಿ ಮಾಡುವ ತುದಿಗೆ ಜಾಗ ಬದಲಿಸಿದ್ದರು. 40ನೇ ಸೆಕೆಂಡಿಗೇ ಗೋಲ್ ಬಂತು. ನೀವೂ ಯಾವ ತಂಡದ ಕೈ ಮೇಲಾಗಿದೆ ನೋಡಿ ತುದಿ ಆರಿಸಿ, ಬ್ರೇಕ್ ಆದಾಗ ತುದಿ ಬದಲಿಸಿ. ಗೋಲ್ ಕಂಬದಿಂದ 12–15 ಮೀಟರ್ ಬದಿಗೆ, ಗೆರೆಯ ಹೊರಗೆ, ಸಂಘಟಕರು ಒಪ್ಪಿದ ಕಡೆ ನೆಲದಲ್ಲೇ ಕೂತುಕೊಳ್ಳಿ. ಪೆನಾಲ್ಟಿ ಕಾರ್ನರ್‌ನಲ್ಲಿ ಚೆಂಡು ತಳ್ಳುವವರು ಕಂಬದಿಂದ 10 ಮೀಟರ್ ದೂರದಲ್ಲಿ ನಿಲ್ಲುತ್ತಾರೆ, ಅವರ ಕಾಲಿಗೆ ಅಡ್ಡ ಬರಬಾರದು. ಗೋಲಿನ ನೇರ ಹಿಂದೆ ಮಾತ್ರ ಬೇಡವೇ ಬೇಡ. 160 ಗ್ರಾಂ ಆಸುಪಾಸಿನ ಗಟ್ಟಿ ಚೆಂಡು ಎತ್ತರಕ್ಕೆ ಹಾರಿ ಬಂದರೆ, ಕಣ್ಣು ಕ್ಯಾಮೆರಾದೊಳಗಿದ್ದವರಿಗೆ ತಪ್ಪಿಸಿಕೊಳ್ಳಲು ಸಮಯ ಸಿಗುವುದಿಲ್ಲ.

ಲೆನ್ಸ್ 70–200 ಮಿ.ಮೀ. ಸಾಕು. ಶಟರ್ 1/1000ಕ್ಕಿಂತ ಕೆಳಗಿಳಿಸಬೇಡಿ. ಕೋಲಿನ ತುದಿ, ಚಿಮ್ಮುವ ಮಣ್ಣು ಚೂಪಾಗಿ ಬರಬೇಕಾದರೆ 1/2000. ಅಪರ್ಚರ್ 2.8 ಅಥವಾ 4. ಮಧ್ಯಾಹ್ನದ ಮೇಲೆ ಮೋಡ ಕವಿದರೆ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 1600, 3200 ಎಂದು ಏರಿಸಿ. ಫೋಟೋದಲ್ಲಿ ಕಾಳು ಕಾಳಾಗಿ ಕಂಡರೂ ಪರವಾಗಿಲ್ಲ, ಅಲುಗಿದ ಮುಖವನ್ನು ಆಮೇಲೆ ಸರಿಮಾಡಲಾಗದು. ಮಂಜುಗಡ್ಡೆಯ ಬಿಳುಪಿಗೆ ಕ್ಯಾಮೆರಾದ ಬೆಳಕಿನ ಮೀಟರ್ ಮೋಸಹೋಗಿ ಚಿತ್ರ ಕಪ್ಪಾಗುತ್ತದೆ, ಐಸ್ ಹಾಕಿಯ ಫೋಟೋ ತೆಗೆಯುವವರು ಎಕ್ಸ್‌ಪೋಷರ್ ಒಂದು ಸ್ಟಾಪ್ (ಬೆಳಕು ಎರಡು ಪಟ್ಟು) ಏರಿಸುತ್ತಾರೆ. ಇಲ್ಲಿ ಅದೇ ತಿರುಗುಮುರುಗು: ಹಿಂದೆ ದಟ್ಟ ಮರಗಳಿದ್ದರೆ ಬಿಳಿ ಜೆರ್ಸಿ ಸುಟ್ಟಂತೆ ಬರುತ್ತದೆ. ಸುಮಾರು 0.7 ಸ್ಟಾಪ್ ಇಳಿಸಿ ನೋಡಿ.

ತೀರಾ ಹತ್ತಿರಕ್ಕೆ ಜೂಮ್ ಮಾಡಬೇಡಿ. ಓರ್ ಅವರ ಕಾಲನ್ನು ಎತ್ತಿಹಾಕಿದ ಎದುರಾಳಿ ನೋಯಲ್ ಪಿಕಾರ್ಡ್ ಕೂಡ ಆ ಚೌಕಟ್ಟಿನಲ್ಲೇ ಇದ್ದಾರೆ. ಅವರನ್ನು ಕತ್ತರಿಸಿದ್ದರೆ ಓರ್ ಯಾಕೆ ಹಾರಿದರೆಂದೇ ತಿಳಿಯುತ್ತಿರಲಿಲ್ಲ. ಆಟಗಾರನ ಸುತ್ತ ಕೋಲಿನಷ್ಟಾದರೂ ಜಾಗ ಬಿಡಿ. ಗೋಲಾದಾಗ ಒಂದೆರಡು ಫ್ರೇಮ್ ಗ್ಯಾಲರಿಯ ಕಡೆಗೂ ಇರಲಿ. ಅಜ್ಜಿಯರು ಎದ್ದು ನಿಲ್ಲುವ ಆ ನೋಟ ಬೇರೆ ಯಾವ ಟೂರ್ನಿಯಲ್ಲೂ ಸಿಗದು.

ಹೆಚ್ಚಿನವರು ಎಡವುವುದು ಹೆಸರಿನಲ್ಲಿ. ಒಂದು ತಂಡದ ಹನ್ನೊಂದೂ ಜನರ ಮನೆ ಹೆಸರು ಒಂದೇ ಆಗಿರುವುದರಿಂದ, ಒಕ್ಕದ ಹೆಸರೊಂದನ್ನೇ ಬರೆದರೆ ಮೂವತ್ತು ವರ್ಷದ ನಂತರ ಅದು ಯಾರೆಂದು ಗೊತ್ತಾಗದು. ಆಟ ಶುರುವಾಗುವ ಮೊದಲು ಎರಡೂ ತಂಡಗಳ ಪಟ್ಟಿಯನ್ನು ಜೆರ್ಸಿ ನಂಬರ್ ಸಮೇತ ಒಂದು ಫ್ರೇಮ್ ತೆಗೆದಿಡಿ. ಪ್ರತಿ ಗೋಲಾದ ಮೇಲೆ ಸ್ಕೋರ್ ಬೋರ್ಡ್ ಒಂದು ಫ್ರೇಮ್. ಗೋಲ್ ಹೊಡೆದವರು ತಿರುಗಿ ವಾಪಸ್ ಓಡುವಾಗ ಬೆನ್ನಿನ ನಂಬರ್ ಕಾಣುವ ಇನ್ನೊಂದು.