ಹಳೇ ಲ್ಯಾಪ್‌ಟಾಪಿಗೆ ಯಾವ ಲಿನಕ್ಸ್? ಮಳೆಗಾಲ ನೋಡಿ ಆರಿಸಿ

ಅಟ್ಟದಿಂದ ಇಳಿಸಿದ ಬ್ಯಾಗಿಗೆ ಬೂಸ್ಟು ಹಿಡಿದಿತ್ತು. ಒಳಗಿದ್ದದ್ದು 2016ರ ಲ್ಯಾಪ್‌ಟಾಪ್, 4 ಜಿಬಿ ರ್‍ಯಾಮ್, ವಿಂಡೋಸ್ 10. ಹೊಸನಗರ ಕಡೆಯ ನಮ್ಮ ಮಾವನದು. ‘ಇದಕ್ಕೆ 11 ಕೂರಲ್ಲ, ಹೊಸದು ತಗಳಿ’ ಎಂದು ಪೇಟೆಯ ಅಂಗಡಿಯಲ್ಲಿ ಹೇಳಿ ಕಳಿಸಿದ್ದರಂತೆ. ಶಿವಮೊಗ್ಗದಲ್ಲಿ ಎಂಜಿನಿಯರಿಂಗ್ ಓದುವ ಅವರ ಮಗನದು ಇನ್ನೊಂದು ರಾಗ: ‘ಅಪ್ಪಯ್ಯ, ಆರ್ಚ್ ಲಿನಕ್ಸ್ ಹಾಕಣ, ಹಾರುತ್ತೆ.’ ವಿಂಡೋಸಿನ ಬದಲು ಹಾಕಬಹುದಾದ ಪುಕ್ಕಟೆ ಓಎಸ್ ಲಿನಕ್ಸ್, ಅದರದೊಂದು ಬಗೆ ಆರ್ಚ್.

ಅಂಗಡಿಯವರ ಮಾತಿನಲ್ಲಿ ಅರ್ಧ ನಿಜ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ನೋಂದಾಯಿಸಿಕೊಂಡವರಿಗೆ ಭದ್ರತಾ ಅಪ್‌ಡೇಟ್ 2026ರ ಅಕ್ಟೋಬರ್ 13ರವರೆಗೆ ಉಂಟು. ವಿಂಡೋಸ್ 11 ಟಿಪಿಎಂ 2.0 ಎಂಬ ಭದ್ರತಾ ಚಿಪ್ ಕೇಳುತ್ತದೆ, ಇಂಟೆಲ್ ಆದರೆ ಬಹುಮಟ್ಟಿಗೆ ಎಂಟನೇ ಅಥವಾ ನಂತರದ ತಲೆಮಾರಿನ ಪ್ರೊಸೆಸರ್ ಬೇಕೆನ್ನುತ್ತದೆ. ಆದರೆ ಯಂತ್ರ ಗುಜರಿಗೆ ಬಂತು ಎನ್ನುವುದು ಸುಳ್ಳು. ಹುಡುಗನ ಮಾತೂ ಅರ್ಧವೇ ನಿಜ. ಆರ್ಚ್ ಹಾರುತ್ತದೆ, ಸರಿ. ಬಿದ್ದಾಗ ಎತ್ತುವವರು ಯಾರು?

ಮೊದಲು ಒಂದು ಚೀಟಿ ಬರೆಯಿರಿ

ಲಿನಕ್ಸ್ ಒಂದೇ, ಬಗೆಗಳು ನೂರಾರು. 1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಎಂಬ ಫಿನ್ಲೆಂಡಿನ ವಿದ್ಯಾರ್ಥಿ ಬರೆದು ಹಂಚಿದ ತಿರುಳಿನ (ಕರ್ನಲ್) ಸುತ್ತ ಬೇರೆ ಬೇರೆ ಗುಂಪುಗಳು ತಮಗೆ ಬೇಕಾದಂತೆ ಕಟ್ಟಿಕೊಂಡವು. ಕೆಲವು ಸೀದಾ ಬಳಸುವವರಿಗೆ: ಉಬುಂಟು (2004), ಲಿನಕ್ಸ್ ಮಿಂಟ್ (2006), ಜೋರಿನ್. ಕೆಲವು ಕೆದಕುವವರಿಗೆ: ಆರ್ಚ್ (2002), ಬಹುತೇಕ ಎಲ್ಲವನ್ನೂ ಮೂಲ ಕೋಡ್‌ನಿಂದಲೇ ಕಟ್ಟಿಕೊಳ್ಳುವ ಜೆಂಟೂ. ಡೆಬಿಯನ್ ಮತ್ತು ಫೆಡೋರ ನಡುವೆ ಎಲ್ಲೋ ನಿಲ್ಲುತ್ತವೆ. ಪಂಪ್‌ಸೆಟ್ ಕೆಟ್ಟರೆ ಮೆಕ್ಯಾನಿಕ್ ಬರುವ ಮೊದಲೇ ಬಿಚ್ಚಿ ಹರವಿಕೊಳ್ಳುವ ಒಬ್ಬ ಪ್ರತಿ ಊರಲ್ಲೂ ಇರುತ್ತಾನಲ್ಲ, ಎರಡನೇ ಗುಂಪು ಅವನಿಗಾಗಿ.

ನೀವು ಯಾವ ಜಾತಿ ಎಂದು ಯೋಚಿಸುವ ಮೊದಲು ಆ ಯಂತ್ರದ ಮುಂದೆ ಯಾರು ಯಾರು ಕೂರುತ್ತಾರೆ, ಏನು ಮಾಡುತ್ತಾರೆ ಎಂದು ಚೀಟಿಯಲ್ಲಿ ಬರೆಯಿರಿ. ಮಾವನ ಚೀಟಿ ಹೀಗಿತ್ತು: ಅಡಿಕೆ ಧಾರಣೆ ನೋಡುವುದು, ಸೊಸೈಟಿಗೆ ಕನ್ನಡದಲ್ಲಿ ಪತ್ರ, ಪಹಣಿ ಪ್ರಿಂಟು, ಅತ್ತೆಗೆ ಯಕ್ಷಗಾನದ ವಿಡಿಯೊ. ಎಲ್ಲಕ್ಕೂ ಬ್ರೌಸರ್ ಮತ್ತು ಪತ್ರ ಬರೆಯಲು ಪುಕ್ಕಟೆ ಸಿಗುವ ಲಿಬ್ರೆ ಆಫೀಸ್ ಸಾಕು. ನಿಮ್ಮ ಚೀಟಿಯಲ್ಲಿ ಟ್ಯಾಲಿ ಅಥವಾ ಫೋಟೊಶಾಪ್ ಇದ್ದರೆ ಇಲ್ಲಿಗೇ ನಿಲ್ಲಿಸಿ, ವಿಂಡೋಸಿನಲ್ಲೇ ಇರಿ. ಅವು ಲಿನಕ್ಸಿನಲ್ಲಿ ನೇರವಾಗಿ ನಡೆಯುವುದಿಲ್ಲ. ಜಗ್ಗಾಡಿ ನಡೆಸುವ ದಾರಿಗಳಿವೆ, ಸೀಸನ್ ಟೈಮಲ್ಲಿ ಅದು ಯಾರಿಗೆ ಬೇಕು.

ಚೀಟಿಯ ಕೊನೆಯಲ್ಲಿ ಇನ್ನೆರಡು ಸಾಲು ಸೇರಿಸಿ: ಕೆಟ್ಟರೆ ಸರಿ ಮಾಡುವವರು ಯಾರು? ಜುಲೈನಲ್ಲಿ ನೆಟ್ ಎಷ್ಟು ದಿನ ಇರುತ್ತದೆ? ಬೆಂಗಳೂರಿನಲ್ಲಿ ಕೂತು ಬರೆದ ಸಲಹೆಗಳಲ್ಲಿ ಈ ಎರಡನೆಯದು ಇರುವುದಿಲ್ಲ. ನಮ್ಮಲ್ಲಿ ಅದೇ ಮುಖ್ಯ.

ನನ್ನ ಆರ್ಚ್ ಮಲಗಿದ ಕಥೆ

ಯಾಕೆ ಎಂದರೆ, ಆರ್ಚ್‌ನಲ್ಲಿ ‘ಈ ಆವೃತ್ತಿ, ಆ ಆವೃತ್ತಿ’ ಎಂಬುದಿಲ್ಲ. ಹೊಸದು ಬಂದ ಹಾಗೆ ಹರಿದು ಬರುತ್ತಲೇ ಇರುತ್ತದೆ, ನೀವು ಹಿಡಿದುಕೊಳ್ಳುತ್ತಲೇ ಇರಬೇಕು. ವಾರಕ್ಕೊಮ್ಮೆ ನೂರಾರು ಎಂಬಿ ಇಳಿಸುವ ನೆಟ್ ಇದ್ದವರಿಗೆ ಸುಖ. ಒಂದು ವರ್ಷ ತೀರ್ಥಹಳ್ಳಿ ಕಡೆಯ ನಮ್ಮೂರಲ್ಲಿ ಆಷಾಢದ ಗಾಳಿಗೆ ಹೋದ ನೆಟ್ ಸರಿಯಾಗಿ ಬಂದದ್ದು ಗಣಪತಿ ಹಬ್ಬದ ಹೊತ್ತಿಗೆ. ಎರಡು ತಿಂಗಳ ಬಾಕಿ ಅಪ್‌ಡೇಟ್ ಕೊಟ್ಟೆ. ಪ್ಯಾಕೇಜುಗಳ ಸಹಿ ನಂಬಲಾಗದು ಎಂದು ಆರ್ಚ್‌ನಲ್ಲಿ ಪ್ಯಾಕೇಜು ಇಳಿಸಿ ಹಾಕುವ ಪ್ಯಾಕ್‌ಮ್ಯಾನ್ ಸಾಲು ಸಾಲಾಗಿ ತಕರಾರು ತೆಗೆಯಿತು. ಈ ನಡುವೆ ಸಹಿಯ ಕೀಲಿಗಳು ಬದಲಾಗಿದ್ದವು. ಆರ್ಚ್‌ಲಿನಕ್ಸ್-ಕೀರಿಂಗ್ ಎಂಬ ಪ್ಯಾಕೇಜನ್ನು ಮೊದಲು ಹೊಸದು ಮಾಡಿಕೊಂಡು, ಬೆನ್ನಿಗೇ ಉಳಿದದ್ದನ್ನು ಪೂರ್ತಿ ಮಾಡಬೇಕು. ಇದು ತಿಳಿಯುವುದಕ್ಕೆ ನನಗೆ ಒಂದು ಸಂಜೆ ಹಿಡಿಯಿತು.

ಅದು ಸರಿಹೋಗಿ ಕರ್ನಲ್ ಬದಲಾಗುತ್ತಿದ್ದಾಗ ಕರೆಂಟು ಹೋಯಿತು. ಬ್ಯಾಟರಿ ಸತ್ತು ವರ್ಷವಾಗಿತ್ತು. ಮತ್ತೆ ಹಚ್ಚಿದರೆ ಕಪ್ಪು ಪರದೆ. ಪೆನ್‌ಡ್ರೈವಿನಿಂದ ಎಬ್ಬಿಸಿ, ಡಿಸ್ಕನ್ನು ಮೌಂಟ್ ಮಾಡಿ, ಆರ್ಚ್-ಕ್ರೂಟ್ ಎಂಬ ಆಜ್ಞೆಯಿಂದ ಒಳಹೊಕ್ಕರೆ ಪ್ಯಾಕ್‌ಮ್ಯಾನ್ ‘ಡೇಟಾಬೇಸಿಗೆ ಬೀಗ ಹಾಕಲಾಗುತ್ತಿಲ್ಲ’ ಎಂದಿತು. ಸತ್ತ ಗಳಿಗೆಯಲ್ಲಿ ಹಾಕಿದ್ದ ಬೀಗದ ಫೈಲು ಹಾಗೇ ಉಳಿದಿತ್ತು. ಅದನ್ನು ಅಳಿಸಿ, ಕರ್ನಲ್ಲನ್ನು ಮತ್ತೆ ಹಾಕಿ ಎದ್ದಾಗ ರಾತ್ರಿ ಒಂದೂವರೆ. ನನಗೆ ಅದು ಮಜಾ. ಮರುದಿನ ಸೊಸೈಟಿಗೆ ಪತ್ರ ಕೊಡಬೇಕಾದ ಮಾವನಿಗೆ?

ಮಾವನಿಗೆ ಮಿಂಟ್ ಎಂದು ತೀರ್ಮಾನವಾಯಿತು. ಮಿಂಟ್ 22ರ ಸರಣಿಗೆ 2029ರವರೆಗೆ ಬೆಂಬಲ ಉಂಟು. ಎರಡು ತಿಂಗಳು ನೆಟ್ ಇಲ್ಲದಿದ್ದರೂ ಬಂದ ದಿನ ಒಂದು ಗುಂಡಿ ಒತ್ತಿದರಾಯಿತು.

ಹಾಕುವ ಕ್ರಮ

ಮಿಂಟ್ ಮೂರು ವೇಷದಲ್ಲಿ ಬರುತ್ತದೆ: ಸಿನಮನ್, ಮಾಟೆ, ಎಕ್ಸ್‌ಎಫ್‌ಸಿಇ. ರ್‍ಯಾಮ್ 4 ಜಿಬಿ ಇದ್ದರೆ ಕಣ್ಣುಮುಚ್ಚಿ ಕೊನೆಯದನ್ನು ತೆಗೆದುಕೊಳ್ಳಿ. 8 ಇದ್ದರೆ ಸಿನಮನ್ ಚೆಂದ. ಹಳೆಯ ತಿರುಗುವ ಹಾರ್ಡ್‌ಡಿಸ್ಕ್ ಇದ್ದರೆ ಮೊದಲು ಎಸ್‌ಎಸ್‌ಡಿ ಹಾಕಿಸಿ. ಯಾವ ಓಎಸ್ ಎಂಬ ಚರ್ಚೆಗಿಂತ ಅದೊಂದೇ ಹೆಚ್ಚು ಫಲ ಕೊಡುತ್ತದೆ.

ಇಡೀ ಮಿಂಟ್ ಅಡಗಿರುವ ಐಎಸ್ಒ ಫೈಲು ಸುಮಾರು 3 ಜಿಬಿ. ನಮ್ಮ ನೆಟ್ಟಿಗೆ ಬ್ರೌಸರಿನಲ್ಲಿ ಇಳಿಸಲು ಹೋಗಬೇಡಿ, ಮಿಂಟ್ ತಾಣದಲ್ಲೇ ಟೊರೆಂಟ್ ಕೊಂಡಿ ಇದೆ. ಕರೆಂಟು ಹೋದರೆ ನಿಂತಲ್ಲಿಂದ ಮುಂದುವರಿಯುತ್ತದೆ, ತುಂಡು ತುಂಡನ್ನೂ ತಾನೇ ಪರೀಕ್ಷಿಸಿಕೊಳ್ಳುತ್ತದೆ. ಒಂದು ಕಾಲದಲ್ಲಿ ಇಷ್ಟೂ ಬೇಕಿರಲಿಲ್ಲ. ಕೇಳಿದವರಿಗೆ ಉಬುಂಟುವಿನ ಸಿಡಿ ವಿದೇಶದಿಂದ ಪುಕ್ಕಟೆ ಅಂಚೆಯಲ್ಲಿ ಬರುತ್ತಿತ್ತು. ನನ್ನ ಮೊದಲ ಲಿನಕ್ಸ್ ಪೋಸ್ಟ್‌ಮ್ಯಾನ್ ಚೀಲದಲ್ಲೇ ಬಂದದ್ದು. 2011ರಲ್ಲಿ ಅದು ನಿಂತಿತು.

8 ಜಿಬಿಯ ಪೆನ್‌ಡ್ರೈವಿಗೆ ರೂಫಸ್ ಅಥವಾ ಎಚರ್ ಎಂಬ ಪುಕ್ಕಟೆ ತಂತ್ರಾಂಶ ಬಳಸಿ ಫೈಲನ್ನು ಇಳಿಸಿ. ಬರೀ ಕಾಪಿ-ಪೇಸ್ಟ್ ಮಾಡಿದರೆ ಆಗದು. ಲ್ಯಾಪ್‌ಟಾಪ್ ಹಚ್ಚುತ್ತಲೇ ಬೂಟ್ ಮೆನುವಿನ ಕೀಲಿ, ಹೆಚ್ಚಿನವುಗಳಲ್ಲಿ ಎಫ್12, ಒತ್ತುತ್ತಾ ಇರಿ. ಎಚ್‌ಪಿ ಆದರೆ ಎಫ್9. ಪೆನ್‌ಡ್ರೈವ್ ಆರಿಸಿದರೆ ಡಿಸ್ಕನ್ನು ಮುಟ್ಟದೆಯೇ ಮಿಂಟ್ ಎದ್ದು ನಿಲ್ಲುತ್ತದೆ. ಇಲ್ಲಿ ಅವಸರ ಬೇಡ. ವೈಫೈ ಹಿಡಿಯಿತೇ, ಸದ್ದು ಬಂತೇ, ಪ್ರಿಂಟರ್ ಕಂಡಿತೇ, ಮುಚ್ಚಿ ತೆರೆದರೆ ಎಚ್ಚರಾಯಿತೇ ಎಲ್ಲ ನೋಡಿ. ಕೆಲವು ಬ್ರಾಡ್‌ಕಾಮ್, ರಿಯಲ್‌ಟೆಕ್ ವೈಫೈ ಚಿಪ್ಪುಗಳು ಮೊದಲಿಗೆ ಮುನಿಸಿಕೊಳ್ಳುತ್ತವೆ. ಆಗ ಫೋನನ್ನು ಕೇಬಲ್‌ನಲ್ಲಿ ಜೋಡಿಸಿ ಯುಎಸ್‌ಬಿ ಟೆದರಿಂಗ್ ಹಾಕಿ, ಆ ನೆಟ್‌ನಿಂದಲೇ ಡ್ರೈವರ್ ಇಳಿಸಬಹುದು.

ಇನ್‌ಸ್ಟಾಲ್ ಒತ್ತುವ ಮೊದಲು ಫೋಟೊ, ದಾಖಲೆಗಳನ್ನು ಬೇರೆ ಡಿಸ್ಕಿಗೆ ತೆಗೆದಿಡಿ. ವಿಂಡೋಸನ್ನೂ ಉಳಿಸಿಕೊಳ್ಳುವವರು ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಇದೆಯೇ ನೋಡಿ. ಇದ್ದರೆ ಅದರ ರಿಕವರಿ ಕೀಲಿಯನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳದೆ ಮುಂದೆ ಹೋಗಬೇಡಿ. ಆಮೇಲೆ ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತಾ ಹೋದರೆ ಅರ್ಧ ಗಂಟೆಯ ಕೆಲಸ. ಎರಡೂ ಇಟ್ಟುಕೊಂಡವರಿಗೆ ವಿಂಡೋಸಿನ ಗಡಿಯಾರ ಐದೂವರೆ ಗಂಟೆ ತಪ್ಪಾಗಿ ಕಾಣಬಹುದು. ಯಂತ್ರ ಕೆಟ್ಟದ್ದಲ್ಲ. ಲಿನಕ್ಸ್ ಒಳಗಿನ ಗಡಿಯಾರವನ್ನು ಯುಟಿಸಿ ಸಮಯಕ್ಕೆ ಇಡುತ್ತದೆ, ವಿಂಡೋಸ್ ಅದನ್ನೇ ಭಾರತದ ಸಮಯ ಎಂದುಕೊಳ್ಳುತ್ತದೆ.

ಮುಗಿದ ಕೂಡಲೇ ಟೈಮ್‌ಶಿಫ್ಟ್ ತೆರೆದು ಒಂದು ಸ್ನ್ಯಾಪ್‌ಶಾಟ್ ತೆಗೆಯಿರಿ. ಮುಂದೆ ಯಾವ ಅಪ್‌ಡೇಟ್ ಕೈಕೊಟ್ಟರೂ ಈ ದಿನಕ್ಕೆ ಮರಳಬಹುದು.

ಕನ್ನಡದ್ದು ಸ್ವಲ್ಪ ಕೆಲಸ ಉಂಟು. ಮಾವ ನುಡಿ ಕೀಲಿಮಣೆಗೆ ಬೆರಳು ಪಳಗಿಸಿಕೊಂಡವರು. ಕೀಲಿಮಣೆಯ ಭಾಷೆ ಬದಲಿಸುವ ಐಬಸ್ ಜೊತೆಗೆ ಐಬಸ್-ಎಂ17ಎನ್ ಎಂಬ ಪ್ಯಾಕೇಜ್ ಹಾಕಿ, ಒಮ್ಮೆ ಲಾಗೌಟ್ ಆಗಿ ಬಂದು, ಪಟ್ಟಿಯಲ್ಲಿ ಕನ್ನಡ ಕೆಜಿಪಿ ಆರಿಸಿದರೆ ಅದೇ ವಿನ್ಯಾಸ ಸಿಗುತ್ತದೆ. ಗುಬ್ಬಿ, ನವಿಲು ಎಂಬ ಮುದ್ದಾದ ಹೆಸರಿನ ಕನ್ನಡ ಫಾಂಟುಗಳೂ ಅಲ್ಲೇ ಪುಕ್ಕಟೆ ಇವೆ. ತೊಡಕು ಬಂದದ್ದು ಹಳೆಯ ಪತ್ರಗಳಲ್ಲಿ. ತೆರೆದರೆ ಇಂಗ್ಲಿಷ್ ಅಕ್ಷರಗಳಿಗೆ ಕೊಂಬು, ಬಾಲ ಮೂಡಿದಂಥ ಗೀಚು. ಅವು ಯೂನಿಕೋಡ್‌ಗೆ ಮುಂಚಿನ ಆಸ್ಕಿ ನುಡಿಯಲ್ಲಿ ಬರೆದವು. ಪುಕ್ಕಟೆ ಸಿಗುವ ಪರಿವರ್ತಕದಲ್ಲಿ ಅಂಟಿಸಿ ಒಂದೊಂದಾಗಿ ಬದಲಾಯಿಸಿದೆವು. ಒತ್ತಕ್ಷರಗಳನ್ನು ಮತ್ತೊಮ್ಮೆ ಓದಿ ನೋಡಿ, ಅಲ್ಲಲ್ಲಿ ತಪ್ಪುತ್ತವೆ.

ಇನ್ನು, ಕೆದಕಲೇಬೇಕು ಎನ್ನುವವರಿಗೆ

ಕೆದಕಿ, ಆದರೆ ಮನೆಮಂದಿಯ ಯಂತ್ರದಲ್ಲಿ ಬೇಡ. ರ್‍ಯಾಮ್ 8 ಜಿಬಿ ಇದ್ದರೆ ಮಿಂಟ್‌ನೊಳಗೇ ಒಂದು ನಕಲಿ ಯಂತ್ರ ಕಟ್ಟಿಕೊಡುವ ವರ್ಚುವಲ್‌ಬಾಕ್ಸ್ ಹಾಕಿ, ಅದರೊಳಗೆ ಆರ್ಚ್ ಕಟ್ಟಿ. ಹತ್ತು ಸಲ ಕೆಡಿಸಿದರೂ ಕೇಳುವವರಿಲ್ಲ. ನಿಜವಾದ ಯಂತ್ರಕ್ಕೇ ಹಾಕುವವರು ಮೊದಲು ಸಹಿ ಇಲ್ಲದ ಓಎಸ್ ಏಳದಂತೆ ತಡೆಯುವ ಸೆಕ್ಯೂರ್ ಬೂಟ್ ಬಂದ್ ಮಾಡಿ. ಮಿಂಟ್ ಅದರೊಂದಿಗೆ ಹೊಂದಿಕೊಳ್ಳುತ್ತದೆ, ಆರ್ಚ್‌ನ ಪೆನ್‌ಡ್ರೈವ್ ಎಚ್ಚರವೇ ಆಗುವುದಿಲ್ಲ. ಜೆಂಟೂ ಮೂಲದಿಂದ ಕಟ್ಟುವವರು ಯುಪಿಎಸ್ ಇಟ್ಟುಕೊಳ್ಳಿ. ಹಳೇ ಲ್ಯಾಪ್‌ಟಾಪಿನಲ್ಲಿ ಒಂದು ಬ್ರೌಸರ್ ಕಟ್ಟಲು ಗಂಟೆಗಟ್ಟಲೆ ಬೇಕು.

ಆರ್ಚ್‌ನಲ್ಲಿ 2021ರಿಂದ ಆರ್ಚ್‌ಇನ್‌ಸ್ಟಾಲ್ ಎಂಬ ಸುಲಭ ದಾರಿ ಇದೆ. ಮೊದಲ ಸಲ ಅದನ್ನು ಮುಟ್ಟಬೇಡಿ ಎಂಬುದು ನನ್ನ ಹಟ. ಡಿಸ್ಕ್ ಭಾಗ ಮಾಡುವುದು, ಫಾರ್ಮ್ಯಾಟ್, ಮೌಂಟ್, ಪ್ಯಾಕ್‌ಸ್ಟ್ರಾಪ್ (ಮೊದಲ ಪ್ಯಾಕೇಜುಗಳನ್ನು ಡಿಸ್ಕಿಗೆ ಹಾಕುವ ಆಜ್ಞೆ), ಎಫ್‌ಎಸ್‌ಟ್ಯಾಬ್ (ಯಾವ ಡಿಸ್ಕ್ ಭಾಗ ಎಲ್ಲಿ ಎಂಬ ಪಟ್ಟಿ), ಬೂಟ್‌ಲೋಡರ್, ಎಲ್ಲವನ್ನೂ ಆರ್ಚ್ ವಿಕಿ ನೋಡಿಕೊಂಡು ಕೈಯಾರೆ ಟೈಪಿಸಿ. ವಿಕಿಯನ್ನು ಫೋನಿನಲ್ಲಿ ತೆರೆದಿಟ್ಟುಕೊಳ್ಳಿ. ಎಲ್ಲ ಸರಿಯಾದರೆ ಕಪ್ಪು ಪರದೆಯಲ್ಲಿ ‘ಲಾಗಿನ್’ ಎಂಬ ಪದ, ಪಕ್ಕದಲ್ಲಿ ಮಿನುಗುವ ಗೀಟು, ಅಷ್ಟೇ. ಒಳಹೊಕ್ಕು ಡೆಸ್ಕ್‌ಟಾಪ್ ಇಳಿಸಲು ಹೋದರೆ ನೆಟ್ ಇಲ್ಲ ಎನ್ನುತ್ತದೆ. ಗಾಬರಿಯಾಗಿ ಟವರ್ ಬೈಯಬೇಡಿ. ಪ್ಯಾಕ್‌ಸ್ಟ್ರಾಪ್ ಮಾಡುವಾಗ ನೆಟ್‌ವರ್ಕ್‌ಮ್ಯಾನೇಜರ್ ಸೇರಿಸುವುದು ಮರೆತಿರುತ್ತೀರಿ. ನಾನೂ ಮರೆತಿದ್ದೆ, ಮಾವನ ಮಗನೂ ಮರೆತ. ಪೆನ್‌ಡ್ರೈವ್ ಮತ್ತೆ ಚುಚ್ಚಿ.